ಸುಕ್ಕಿಲ್ಲದ ಕೌದಿ

ಬಳ್ಳಾರಿ ಸೀಮೆಯಲ್ಲಿ ಹಳೆಯ ಸೀರೆಗೆ ಮುಪ್ಪುಂಟು, ಮರಣವಿಲ್ಲ. ಉಟ್ಟು ಸವೆದ ಸೀರೆ, ಹರಿದ ಪಂಚೆ, ಮಕ್ಕಳಿಗೆ ಬಿಗಿಯಾದ ಅಂಗಿ ಇವೆಲ್ಲ ಒಂದೇ ಗಂಟಿನಲ್ಲಿ ಸೇರಿ, ಬಿಡುವು ದೊರೆತಾಗ ಕೌದಿಯಾಗಿ ಮರುಹುಟ್ಟು ಪಡೆಯುತ್ತವೆ. ಏಕಶಿಲೆಯ ದೊಡ್ಡ ಬಸವೇಶ್ವರನಿಂದ ಹೆಸರಾದ ಕುರುಗೋಡಿನ ಸೀಮೆಯಿಂದ ಹಿಡಿದು ಉತ್ತರ ಕರ್ನಾಟಕದ ಉದ್ದಗಲಕ್ಕೂ ಬಾಣಂತಿಯ ಹಾಸಿಗೆಗೆ, ಕೂಸಿನ ತೊಟ್ಟಿಲಿಗೆ ಈ ಹೊದಿಕೆ ಬೇಕೇ ಬೇಕು.

ಕೌದಿಯನ್ನು ಹೊಗಳುವವರು ಅದರ ಬಣ್ಣದ ತುಂಡುಗಳನ್ನೂ ಸಾಲುಹೊಲಿಗೆಯನ್ನೂ ನೋಡಿ ಮೆಚ್ಚುತ್ತಾರೆ. ಆದರೆ ಅದರ ಹಣೆಬರಹ ನಿರ್ಧಾರವಾಗುವುದು ಅದಕ್ಕೂ ಮೊದಲು, ಪದರಗಳನ್ನು ಹಾಸಿ ಕಚ್ಚಾ ಹೊಲಿಗೆ ಹಾಕುವ ಹೊತ್ತಿನಲ್ಲಿ. ಅಲ್ಲಿ ಉಳಿದ ಸುಕ್ಕು ಹೊಲಿಗೆಯಲ್ಲಿ ಸಿಕ್ಕಿ ಗಂಟಾಗಿ, ಎಳೆಗೂಸಿನ ಮೈಗೆ ಒತ್ತುತ್ತದೆ. ತೀರಿಕೊಂಡ ತಾಯಿಯ ಸೀರೆ ಇರುವುದು ಒಂದೇ; ಕೆಟ್ಟರೆ ಅಂಗಡಿಯಲ್ಲಿ ಮತ್ತೊಂದು ದೊರೆಯದು.

ಆದುದರಿಂದ ಗೃಹಿಣಿಯು ಮೊದಲು ಬಟ್ಟೆಗಳನ್ನೆಲ್ಲ ಒಗೆದು ಒಣಗಿಸಬೇಕು. ಕುಗ್ಗುವುದು ಮೊದಲೇ ಕುಗ್ಗಲಿ, ಬಿಡುವ ಬಣ್ಣ ಮೊದಲೇ ಬಿಡಲಿ. ಬಳ್ಳಾರಿಯಲ್ಲಿ ಹೇರಳವಾಗಿ ಸಿಗುವ ಜೀನ್ಸ್ ತುಂಡುಗಳನ್ನು ಮೆತ್ತನೆಯ ಸೀರೆಯೊಡನೆ ಬೆರೆಸದಿರುವುದು ಒಳ್ಳೆಯದು. ದಪ್ಪ ಬಟ್ಟೆಯ ಬಿಗಿತಕ್ಕೆ ತೆಳು ಬಟ್ಟೆ ನೆರಿಗೆಗಟ್ಟುತ್ತದೆ.

ಬಳಿಕ ಪಡಸಾಲೆಯ ಸಮತಟ್ಟಾದ ನೆಲದ ಮೇಲೆ ಅಡಿಬಟ್ಟೆಯನ್ನು ಒಳಮೈ ಮೇಲಾಗಿ ಹಾಸಿ, ನಾಲ್ಕು ಮೂಲೆಗಳಿಗೂ ಭಾರವಿಡಬೇಕು. ಬಟ್ಟೆ ಬಿಗಿಯಾಗಿರಬೇಕೇ ಹೊರತು ಎಳೆದಂತಿರಬಾರದು. ಎಳೆದ ಬಟ್ಟೆ ಭಾರ ತೆಗೆದೊಡನೆ ಹಿಂದಕ್ಕೆ ಸರಿದು ಮೇಲಿನ ಪದರಗಳನ್ನೆಲ್ಲ ಮುದುಡಿಸುತ್ತದೆ. ಅಡಿಬಟ್ಟೆ ಸುತ್ತಲೂ ನಾಲ್ಕು ಬೆರಳು ಹೆಚ್ಚಾಗಿರಲಿ. ಅದರ ಮೇಲೆ ಒಳಪದರಗಳು, ಎಲ್ಲಕ್ಕಿಂತ ಮೇಲೆ ತುಂಡುಗಳ ಮೇಲ್ಬಟ್ಟೆ. ಒಂದೊಂದು ಪದರವನ್ನೂ ಅಂಗೈಯಿಂದ ನಡುವಿನಿಂದ ಅಂಚಿನ ಕಡೆಗೆ ಸವರಬೇಕು.

ಕಚ್ಚಾ ಹೊಲಿಗೆಯ ದಾರಿಯೂ ಅದೇ. ನಡುವಿನಿಂದ ಹೊರಟು ನಾಲ್ಕು ದಿಕ್ಕಿಗೆ, ಬಳಿಕ ಮೂಲೆಗಳಿಗೆ, ಆಮೇಲೆ ಗೇಣಿಗೊಂದು ಸಾಲಿನಂತೆ ಉದ್ದುದ್ದ ಹೊಲಿಗೆ ಹಾಕಬೇಕು. ಹೀಗೆ ಮಾಡಿದರೆ ಹೆಚ್ಚಿನ ಬಟ್ಟೆ ಅಂಚಿನಿಂದ ಹೊರಹೋಗುತ್ತದೆ. ಅಂಚಿನಿಂದ ಆರಂಭಿಸಿದರೆ ಸಡಿಲವೆಲ್ಲ ನಡುವೆ ಸೆರೆಯಾಗಿ ಉಬ್ಬುತ್ತದೆ. ದಾರವು ತಿಳಿಬಣ್ಣದ್ದಾಗಿರಲಿ. ಮುಗಿದ ಮೇಲೆ ಒಮ್ಮೆ ಮಗುಚಿ ನೋಡುವುದನ್ನು ಮರೆಯಬಾರದು. ಮೇಲೆ ಕಾಣದ ಸುಕ್ಕು ಅಡಿಯಲ್ಲಿ ಅಡಗಿರುವುದುಂಟು.

ಹಾಗಾದರೆ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿ ಹೆಂಗಸರು ಅಂಚಿನಿಂದಲೇ ಆರಂಭಿಸಿ ನಡುವಿಗೆ ಸಾಗುತ್ತಾರಲ್ಲ, ಅವರ ಕೌದಿ ಉಬ್ಬುವುದಿಲ್ಲವೇ ಎಂದು ಕೇಳಬಹುದು. ಅವರು ಮೇಲ್ಬಟ್ಟೆಯನ್ನು ಮೊದಲೇ ಸಿದ್ಧಪಡಿಸುವುದಿಲ್ಲ. ಒಂದು ತುಂಡಿನ ಬಳಿಕ ಮತ್ತೊಂದನ್ನು ಇರಿಸುತ್ತ ಹೊಲಿಯುವುದರಿಂದ ಸಡಿಲವು ಮುಂದಿನ ತುಂಡಿನ ಮಡಿಕೆಯಲ್ಲಿ ಅಡಗಿಬಿಡುತ್ತದೆ. ಕೊನೆಗೆ ಮೂಲೆಗಳಲ್ಲಿ ಫುಲ ಎಂಬ ಪುಟ್ಟ ತ್ರಿಕೋನಗಳನ್ನಿರಿಸದೆ ಅವರಿಗೆ ಸಮಾಧಾನವಿಲ್ಲ.

ಹೊಲಿಗೆ ಪೂರ್ತಿಯಾದಾಗ ಕಚ್ಚಾ ದಾರವನ್ನು ಬಿಚ್ಚಿ ಎಸೆಯುತ್ತಾರೆ. ಹೊದ್ದು ಮಲಗಿದ ಮಗುವಿಗೆ ಅಂಥದೊಂದು ದಾರವಿತ್ತೆಂಬುದೇ ತಿಳಿಯದು. ಅಜ್ಜಿಯ ಸೀರೆಯ ಮೆತ್ತನೆಯ ಸ್ಪರ್ಶವಷ್ಟೆ ಅದರ ಪಾಲಿನದು.