ಹತ್ತನೇ ದಿನದ ಜ್ವರ

ಕೀಮೋಥೆರಪಿ ಪಡೆಯುವವರಿಗೆ ಹೆಚ್ಚು ಅಪಾಯ ಎದುರಾಗುವುದು ಆಸ್ಪತ್ರೆಯ ಹಾಸಿಗೆಯಲ್ಲಲ್ಲ, ಮನೆಯ ಚಾಪೆಯ ಮೇಲೆ. ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಔಷಧ, ಸೋಂಕಿನಿಂದ ಕಾಪಾಡುವ ಬಿಳಿ ರಕ್ತಕಣಗಳನ್ನೂ ಬಿಡುವುದಿಲ್ಲ. ಹಲವು ಔಷಧಗಳಲ್ಲಿ ಈ ಕಣಗಳ ಸಂಖ್ಯೆ ತೀರ ತಳ ಮುಟ್ಟುವುದು 7ರಿಂದ 14ನೇ ದಿನದ ನಡುವೆ. ಆ ಹೊತ್ತಿಗೆ ರೋಗಿ ಊರಿಗೆ ಮರಳಿ ವಾರ ಕಳೆದಿರುತ್ತದೆ. ಹತ್ತನೇ ದಿನ ರಾತ್ರಿ 101 ಡಿಗ್ರಿ ಜ್ವರ ಬಂದರೆ ಅದು ಸಾಮಾನ್ಯ ಜ್ವರವಲ್ಲ. ತಡಮಾಡದೆ ರಕ್ತನಾಳಕ್ಕೆ ಆಂಟಿಬಯೋಟಿಕ್ ಕೊಡಬೇಕಾದ ತುರ್ತು ಸ್ಥಿತಿ. ಆದರೆ ಕೀಮೋ ಕೊಟ್ಟ ವೈದ್ಯರು ಬೆಂಗಳೂರಿನಲ್ಲಿ, ರೋಗಿ ಬೀದರಿನಲ್ಲಿ. ನಡುವೆ ಸುಮಾರು 700 ಕಿಲೋಮೀಟರ್. ಜ್ವರದ ಮಾತ್ರೆ ನುಂಗಿ ಬೆಳಗಾಗಲೆಂದು ಕಾಯುವ ಆ ರಾತ್ರಿಯೇ ಕೆಲವರ ಪಾಲಿಗೆ ಕೊನೆಯದಾಗಬಹುದು. ಮನೆ ಹತ್ತಿರದ ಚಿಕಿತ್ಸೆಯನ್ನು ನಾವು ಅನುಕೂಲ ಎನ್ನುತ್ತೇವೆ. ಅದನ್ನು ಚಿಕಿತ್ಸೆಯ ಭಾಗವೆಂದೇ ಎಣಿಸಬೇಕು.

ಕೀಮೋ ಸಾಮಾನ್ಯವಾಗಿ ಎರಡು ಮೂರು ವಾರಕ್ಕೊಮ್ಮೆ, ತಿಂಗಳುಗಟ್ಟಲೆ ನಡೆಯುತ್ತದೆ. ಪ್ರತಿ ಸಲವೂ ಮೊದಲು ರಕ್ತ ಪರೀಕ್ಷೆ. ಕಣಗಳ ಸಂಖ್ಯೆ ಕಡಿಮೆ ಇದ್ದರೆ ಅಂದು ಡ್ರಿಪ್ ಹಾಕುವುದಿಲ್ಲ, ಮುಂದಿನ ವಾರ ಬನ್ನಿ ಎನ್ನುತ್ತಾರೆ. ಔಷಧ ಮುಟ್ಟದೆಯೇ ಇಡೀ ರಾತ್ರಿಯ ಪ್ರಯಾಣ ವ್ಯರ್ಥ. ಔಷಧ ಪಡೆದವರ ಕಷ್ಟವೂ ಕಡಿಮೆಯಲ್ಲ: ಬಾಯಿ ಹುಣ್ಣಾಗಿ ನೀರೂ ಇಳಿಯದ, ವಾಂತಿ ನಿಲ್ಲದ ಸ್ಥಿತಿಯಲ್ಲಿ, ಮಡಿಲಲ್ಲೊಂದು ಪ್ಲಾಸ್ಟಿಕ್ ಚೀಲ ಹಿಡಿದು ಬಸ್ಸಿನ ಕಿಟಕಿಗೆ ಒರಗಿ ಬರಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಡವರ ಚಿಕಿತ್ಸೆಯ ವೆಚ್ಚಕ್ಕೆ ಆಸರೆಯಾಗಿದೆ. 2023ರಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಬಸ್ ಟಿಕೆಟ್ಟಿನ ಚಿಂತೆಯೂ ತಪ್ಪಿದೆ. ಆದರೆ ಜೊತೆಗೆ ಬರುವ ಗಂಡ ಅಥವಾ ಮಗನ ಟಿಕೆಟ್, ಊಟ, ರೂಮಿನ ಬಾಡಿಗೆ, ಇಬ್ಬರ ತಪ್ಪಿದ ಕೂಲಿ, ಇವನ್ನು ತುಂಬಿಕೊಡುವವರು ಯಾರು? ದೇಶ ವಿದೇಶಗಳಲ್ಲಿ ರೋಗಿಗಳನ್ನು ಮಾತನಾಡಿಸಿ ನಡೆಸಿದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕೇಳಿಬರುವುದೂ ಇದೇ: ಹತ್ತಿರದಲ್ಲಿ ಚಿಕಿತ್ಸೆ ಸಿಕ್ಕರೆ ಖರ್ಚು, ದಣಿವು ಎರಡೂ ಇಳಿಯುತ್ತವೆ, ಮನೆಮಂದಿಯ ನಡುವೆ ಇರುವ ದಿನಗಳು ಹೆಚ್ಚುತ್ತವೆ.

ರೇಡಿಯೇಷನ್ನಿನಲ್ಲಿ, ಅಂದರೆ ನಮ್ಮ ಜನ ‘ಕರೆಂಟ್ ಕೊಡಿಸುವುದು’ ಎನ್ನುವ ಚಿಕಿತ್ಸೆಯಲ್ಲಿ, ದೂರದ ಹೊಡೆತ ನೇರವಾಗಿ ಕಾಯಿಲೆಯ ಮೇಲೆಯೇ ಬೀಳುತ್ತದೆ. ವಾರಕ್ಕೆ ಐದು ದಿನದಂತೆ ಐದಾರು ವಾರ, ದಿನಕ್ಕೆ ಕೆಲವೇ ನಿಮಿಷ. ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಇಡೀ ರೇಡಿಯೇಷನ್ 8 ವಾರದೊಳಗೆ ಮುಗಿಯಬೇಕೆಂಬುದು ವೈದ್ಯಲೋಕ ಒಪ್ಪಿದ ಮಾತು. ನಡುವೆ ಬಿಡುವು ಕೊಟ್ಟರೆ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯುತ್ತವೆ. ಬಿತ್ತನೆಗೆಂದೋ ಮಗಳ ಬಾಣಂತನಕ್ಕೆಂದೋ ಊರಿಗೆ ಹೋಗಿ ಹತ್ತು ದಿನ ಬಾರದ ಹೆಂಗಸನ್ನು ನಿರ್ಲಕ್ಷ್ಯದವಳು ಎನ್ನುವುದು ಸುಲಭ. ಆದರೆ ಮನೆಯನ್ನೋ ಚಿಕಿತ್ಸೆಯನ್ನೋ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವಂತೆ ಅವಳನ್ನು ಕಟ್ಟಿಹಾಕಿದ್ದು ಆ ದೂರ.

ಪರಿಹಾರದ ದಾರಿ ಈಗಾಗಲೇ ತೆರೆದಿದೆ. 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಕಲಬುರಗಿಯಲ್ಲೂ ಕೇಂದ್ರ ತೆರೆದಿದೆ. 2025ರಲ್ಲಿ ರಾಜ್ಯ ಸರ್ಕಾರ 16 ಜಿಲ್ಲೆಗಳಲ್ಲಿ ಡೇ ಕೇರ್ ಕೀಮೋ ಕೇಂದ್ರಗಳನ್ನು ಆರಂಭಿಸಿತು. ಬೆಳಗ್ಗೆ ಬಂದವರು ಔಷಧ ಪಡೆದು ಸಂಜೆಗೆ ಮನೆ ಸೇರುವ ವ್ಯವಸ್ಥೆ ಇದು. ಅಸ್ಸಾಂ ಸರ್ಕಾರ ಟಾಟಾ ಟ್ರಸ್ಟ್ಸ್ ಜೊತೆ ಸೇರಿ 17 ಕ್ಯಾನ್ಸರ್ ಆಸ್ಪತ್ರೆಗಳ ಜಾಲಕ್ಕೆ ಕೈಹಾಕಿತು. ಅವುಗಳಲ್ಲಿ 7 ಆಸ್ಪತ್ರೆಗಳು 2022ರ ಏಪ್ರಿಲ್‌ನಲ್ಲಿ ಒಂದೇ ದಿನ ಉದ್ಘಾಟನೆಯಾದವು.

ಇಲ್ಲೊಂದು ಗಟ್ಟಿಯಾದ ಆಕ್ಷೇಪವಿದೆ. ಕ್ಯಾನ್ಸರ್ ಚಿಕಿತ್ಸೆಗೆ ಪಳಗಿದ ಕೈ ಬೇಕು. ಊರೂರಿಗೆ ಹಂಚಿದರೆ ಗುಣಮಟ್ಟ ಕೆಡುವುದಿಲ್ಲವೇ? ಅನ್ನನಾಳ, ಮೇದೋಜೀರಕ ಗ್ರಂಥಿಗಳಂಥ ಕಠಿಣ ಶಸ್ತ್ರಚಿಕಿತ್ಸೆಯ ಮಟ್ಟಿಗೆ ಈ ಮಾತು ಪೂರ್ತಿ ನಿಜ. ಹೆಚ್ಚು ಸಲ ಮಾಡಿದ ಕಡೆಯೇ ಫಲಿತಾಂಶ ಚೆನ್ನಾಗಿರುತ್ತದೆ, ಅಂಥವು ದೊಡ್ಡ ಕೇಂದ್ರದಲ್ಲೇ ನಡೆಯಲಿ. ಯಾವ ಕ್ಯಾನ್ಸರ್, ಯಾವ ಹಂತ, ಯಾವ ಔಷಧ ಎಂಬ ತೀರ್ಮಾನವೂ ಅಲ್ಲಿನ ತಜ್ಞರದ್ದೇ ಆಗಲಿ. ಆದರೆ ಅವರು ಬರೆದುಕೊಟ್ಟ ಔಷಧವನ್ನು ಅದೇ ಪ್ರಮಾಣದಲ್ಲಿ ಹಾಕುವುದು, ರಕ್ತ ಪರೀಕ್ಷೆ ಮಾಡಿಸುವುದು, ಜ್ವರಕ್ಕೆ ಕೂಡಲೇ ಚಿಕಿತ್ಸೆ ಕೊಡುವುದು, ನೋವಿಗೆ ಮಾರ್ಫಿನ್ ಒದಗಿಸುವುದು ತರಬೇತಿ ಪಡೆದ ಜಿಲ್ಲಾ ವೈದ್ಯರು ಮತ್ತು ನರ್ಸ್‌ಗಳಿಗೆ ಸಾಧ್ಯ. ಇದಕ್ಕೆ ಷರತ್ತುಗಳಿವೆ: ಔಷಧ ಬೆರೆಸಲು ಸುರಕ್ಷಿತ ಕೋಣೆ, ಖಾಲಿಯಾಗದ ದಾಸ್ತಾನು, ಪದೇ ಪದೇ ವರ್ಗವಾಗದ ಸಿಬ್ಬಂದಿ. ಇವಿಲ್ಲದೆ ನಾಲ್ಕು ಕುರ್ಚಿ ಹಾಕಿ ಬೋರ್ಡು ತೂಗುಹಾಕಿದರೆ ರೋಗಿಗೆ ದ್ರೋಹ ಬಗೆದಂತೆ.

ಇನ್ನೊಂದು ಆಕ್ಷೇಪ ರೋಗಿಗಳಿಂದಲೇ ಬರುತ್ತದೆ. ಊರಿನ ಆಸ್ಪತ್ರೆಗೆ ಹೋದರೆ ಕಾಯಿಲೆ ನಾಲ್ಕು ಜನರ ಬಾಯಿಗೆ ಬೀಳುತ್ತದೆ, ಮಗಳ ಮದುವೆಗೆ ತೊಡಕಾಗುತ್ತದೆ ಎಂಬ ಅಂಜಿಕೆ. ದೊಡ್ಡ ಊರಿನ ಡಾಕ್ಟರೇ ದೊಡ್ಡವರು ಎಂಬ ನಂಬಿಕೆ. ಎರಡನ್ನೂ ಗೌರವಿಸಬೇಕು, ದೂರ ಹೋಗಬಯಸುವವರಿಗೆ ಆ ದಾರಿ ಮುಚ್ಚಬಾರದು. ಆದರೆ ನಂಬಿಕೆ ಹುಟ್ಟುವುದು ನೋಡಿದ ಮೇಲೆ. ಬೆಂಗಳೂರಿನ ಫೈಲೇ ಜಿಲ್ಲಾ ಆಸ್ಪತ್ರೆಯ ಮೇಜಿನ ಮೇಲಿದ್ದರೆ, ಅಲ್ಲಿನ ತಜ್ಞರು ಇಲ್ಲಿಯ ಪರದೆಯ ಮೇಲೆ ಕಂಡು ಮಾತನಾಡಿದರೆ, ಪಕ್ಕದ ಓಣಿಯವರು ಗುಣವಾಗಿ ಹೊಲಕ್ಕೆ ಹೋಗುವುದು ಕಣ್ಣಿಗೆ ಬಿದ್ದರೆ, ಅಂಜಿಕೆಯೂ ಮೆಲ್ಲಗೆ ಸಡಿಲವಾಗುತ್ತದೆ.

ಈ ಕೇಂದ್ರಗಳನ್ನು ಅಳೆಯಬೇಕಾದದ್ದು ಎಷ್ಟು ಹಾಸಿಗೆ ಹಾಕಿದರು ಎಂಬುದರಿಂದಲ್ಲ. ಹತ್ತನೇ ದಿನ ರಾತ್ರಿ ಜ್ವರ ಬಂದಾಗ ಆ ಮನೆಯವರ ಕೈಯಲ್ಲಿ ಒಂದು ಫೋನ್ ನಂಬರ್ ಇದೆಯೇ, ಕರೆ ಮಾಡಿದರೆ ಎತ್ತುವವರಿದ್ದಾರೆಯೇ, ಗಂಟೆಯೊಳಗೆ ತಲುಪಬಹುದಾದ ಹಾಸಿಗೆ ಇದೆಯೇ? ಈ ಮೂರಕ್ಕೂ ‘ಹೌದು’ ಎನ್ನಲು ಸಾಧ್ಯವಾದ ಜಿಲ್ಲೆಯಲ್ಲಿ ಮಾತ್ರ ಚಿಕಿತ್ಸೆ ಮನೆಯ ಹತ್ತಿರ ಬಂದಿದೆ ಎನ್ನಬಹುದು.