ಸಮಸ್ಯೆಯನ್ನು ಬಿಡಿಸುವ ವಿದ್ಯೆ

ಚಳ್ಳಕೆರೆ, ಮೊಳಕಾಲ್ಮೂರು ಎಂದೊಡನೆ ನಮ್ಮ ಪಟ್ಟಣಿಗರ ನೆನಪಿಗೆ ಬರುವುದು ಮಳೆಯ ಅಭಾವ, ಶೇಂಗಾ ಮತ್ತು ರೇಷ್ಮೆ ಸೀರೆ, ಇಷ್ಟೇ. ಆದರೆ ಕಂಪ್ಯೂಟರ್ ವಿದ್ಯೆಯನ್ನು ಕಲಿಯುವವರಿಗೂ ಕಲಿಸುವವರಿಗೂ ಈ ಸೀಮೆಯು ಒಂದು ದೊಡ್ಡ ಪಾಠವನ್ನು ಹೇಳಬಲ್ಲದು.

ಒಂದು ನಿದರ್ಶನವನ್ನು ಊಹಿಸೋಣ. ಮೊಳಕಾಲ್ಮೂರಿನ ನ್ಯಾಯಬೆಲೆ ಅಂಗಡಿಯ ಮುಂದೆ ಮುದುಕನಾದ ನೇಕಾರನೊಬ್ಬನು ನಿಂತಿದ್ದಾನೆ. ಯಂತ್ರವು ಅವನ ಹೆಬ್ಬೆಟ್ಟನ್ನು ಒಪ್ಪದು; ಅಕ್ಕಿ ದೊರೆಯದು. ದೂರು ಬೆಂಗಳೂರಿನ ತಂತ್ರಾಂಶದ ತಂಡವನ್ನು ಮುಟ್ಟುವುದು. ಸರ್ವರಿನ ದೋಷವೆಂದು ಒಬ್ಬನು, ನೆಟ್‌ವರ್ಕಿನ ದೋಷವೆಂದು ಇನ್ನೊಬ್ಬನು ಹೇಳುವರು. ಯಂತ್ರವನ್ನು ನಿಲ್ಲಿಸಿ ಮತ್ತೆ ನಡೆಸಿರೆಂದು ಮೂರನೆಯವನು ಅಪ್ಪಣೆ ಕೊಡುವನು. ಮರುದಿನ ಮುದುಕನು ಅಲ್ಲಿಯೇ ನಿಂತಿರುವನು.

ಈ ತಂಡಕ್ಕೆ ಬುದ್ಧಿಯ ಕೊರತೆಯಿಲ್ಲ, ಕ್ರಮದ ಕೊರತೆಯಿದೆ. ಕ್ರಮವನ್ನು ಬಲ್ಲವರು ಮದ್ದಿಗೆ ಮೊದಲು ರೋಗವನ್ನು ವಿಚಾರಿಸುವರು. ತೊಂದರೆಯು ಎಲ್ಲಿ ಉಂಟು, ಎಲ್ಲಿ ಇಲ್ಲ? ದಿನವೆಲ್ಲವೋ, ಸಂದಣಿಯ ಹೊತ್ತಿನಲ್ಲಿ ಮಾತ್ರವೋ? ಸರ್ವರಿಗೂ ಒಂದೇ ಬಗೆಯೋ, ಮಗ್ಗ ಮತ್ತು ಕೂಲಿಗಳಿಂದ ಬೆರಳಿನ ಗೆರೆಗಳು ಸವೆದವರಿಗೆ ಮಾತ್ರವೋ? ಕಡೆಯದೇ ನಿಜವಾದರೆ ಸರ್ವರನ್ನು ನೂರು ಸಾರಿ ತಿದ್ದಿಯೂ ಪ್ರಯೋಜನವಿಲ್ಲ. ಗುರುತು ಹಿಡಿಯಲು ಬೇರೆ ಮಾರ್ಗವನ್ನೇ ಏರ್ಪಡಿಸಬೇಕು. ಗಣಿತಜ್ಞನಾದ ಜಾರ್ಜ್ ಪೋಲ್ಯಾ ತನ್ನ 1945ರ ಗ್ರಂಥದಲ್ಲಿ ಈ ವಿದ್ಯೆಯನ್ನು ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸಿದನು: ಸಮಸ್ಯೆಯನ್ನು ಅರಿಯುವುದು, ಉಪಾಯವನ್ನು ಯೋಚಿಸುವುದು, ಅದನ್ನು ನಡೆಸುವುದು, ನಡೆದುದನ್ನು ಮರಳಿ ಪರೀಕ್ಷಿಸುವುದು.

ಇಂಥ ಕ್ರಮದ ಫಲವನ್ನು ಚಳ್ಳಕೆರೆಯ ಬಯಲು ಕಣ್ಣಾರೆ ಕಂಡಿದೆ. ಮರಳಿ ಬಳಸಬಹುದಾದ ವ್ಯೋಮವಾಹನವನ್ನು ಇಸ್ರೋ ಸಂಸ್ಥೆಯು ಇಲ್ಲಿಯ ಪರೀಕ್ಷಾ ವಲಯದಲ್ಲಿ 2023ರ ಏಪ್ರಿಲ್ 2ರಂದು ಹೆಲಿಕಾಪ್ಟರಿನಿಂದ ಬಿಟ್ಟು, ಅದು ತಾನಾಗಿಯೇ ಓಡುದಾರಿಗೆ ಇಳಿಯುವಂತೆ ಮಾಡಿತು. 2024ರ ಮಾರ್ಚಿಯಲ್ಲಿ ಅದನ್ನು ದಾರಿಯ ನೇರದಿಂದ 150 ಮೀಟರು, ಜೂನಿನಲ್ಲಿ 500 ಮೀಟರು ಪಕ್ಕಕ್ಕೆ ಬಿಡಲಾಯಿತು. ಎರಡು ಸಾರಿಯೂ ವಾಹನವು ತನ್ನ ದಾರಿಯನ್ನು ತಾನೇ ತಿದ್ದಿಕೊಂಡಿತು. ಕಷ್ಟವನ್ನೆಲ್ಲ ಒಮ್ಮೆಗೇ ಹೊರದೆ, ಒಂದನ್ನು ಗೆದ್ದ ಬಳಿಕ ಇನ್ನೊಂದನ್ನು ಕೂಡಿಸಿದುದೇ ಇಲ್ಲಿಯ ರಹಸ್ಯವು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಪಾಠವು ಇನ್ನೂ ಹಳೆಯದು. ಅಶೋಕನ ಶಾಸನವಿರುವ ಆ ಸ್ಥಳವನ್ನು 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಯಿಸಿದನು. ಬೃಹತ್ ಶಿಲಾಸಮಾಧಿಗಳ ಕಾಲವಾವುದೆಂಬುದು ಪ್ರಶ್ನೆ. ಅವನು ಪದರ ಪದರವಾಗಿ ಮಣ್ಣನ್ನು ಬಿಡಿಸಿ, ಅರಿಕಮೇಡಿನಲ್ಲಿ ರೋಮನರ ಪಾತ್ರೆಗಳ ಜೊತೆಯಲ್ಲಿ ದೊರೆತಿದ್ದ ಬಗೆಯ ಮಡಕೆಯ ಚೂರುಗಳನ್ನು ಮೇಲಿನ ಪದರದಲ್ಲಿ ಗುರುತಿಸಿ, ತಿಳಿದುದರಿಂದ ತಿಳಿಯದುದರ ಕಡೆಗೆ ಇಳಿದನು. ಅವನು ಹೇಳಿದ ಕಾಲವನ್ನು ಮುಂದೆ ಇಂಗಾಲ ಪರೀಕ್ಷೆಗಳು ಶತಮಾನಗಳಷ್ಟು ಹಿಂದಕ್ಕೆ ಒಯ್ದವು. ಉತ್ತರವು ತಿದ್ದಲ್ಪಟ್ಟಿತು, ಪದರ ಬಿಡಿಸುವ ಪದ್ಧತಿಯು ಉಳಿಯಿತು. ನಾಲ್ಕನೆಯ ಮೆಟ್ಟಿಲೆಂದರೆ ಇದೇ.

ಹೀಗಿರಲು, ನಮ್ಮ ತರುಣರಿಗೆ ಯಂತ್ರಭಾಷೆಯನ್ನು ಬಾಯಿಪಾಠ ಮಾಡಿಸಿ, ವಿಚಾರಕ್ರಮವನ್ನು ಕಲಿಸದೆ ಕಳುಹುವುದು ಸರಿಯೆ? ಭಾಷೆಗಳು ಹತ್ತು ವರ್ಷಕ್ಕೊಮ್ಮೆ ಬದಲಾದಾವು, ಕ್ರಮವು ಬದಲಾಗದು. ಅದನ್ನು ಉಪನ್ಯಾಸದಿಂದ ಕಲಿಸಲಾಗದು. ತಂಡದ ಮುಂದೆ ನಿಜವಾದ ದೂರೊಂದನ್ನು ಇಟ್ಟು, ಕಂಡುದನ್ನೂ ಊಹಿಸಿದುದನ್ನೂ ಬೇರೆ ಬೇರೆಯಾಗಿ ಬರೆಯಿಸಬೇಕು, ಒಂದು ಸಾರಿಗೆ ಒಂದನ್ನೇ ಬದಲಿಸಿ ಪರೀಕ್ಷಿಸುವಂತೆ ಮಾಡಬೇಕು, “ಯಾರ ತಪ್ಪು?” ಎಂಬ ಪ್ರಶ್ನೆಯನ್ನು ಬಿಡಿಸಿ “ಏತಕ್ಕೆ ಹೀಗಾಯಿತು?” ಎಂದು ಕೇಳಿಸಬೇಕು. ತಪ್ಪೊಪ್ಪಿದವನಿಗೆ ದಂಡನೆಯಿರುವ ಕಚೇರಿಯಲ್ಲಿ ಕಾರಣವು ಎಂದಿಗೂ ಹೊರಬೀಳದು. ಇದನ್ನು ಅಧಿಕಾರಿಗಳು ಮುಖ್ಯವಾಗಿ ಮನಗಾಣಬೇಕು.

ಭಾರತೀಯ ವಿಜ್ಞಾನ ಸಂಸ್ಥೆಯು ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ವಿಜ್ಞಾನ, ಗಣಿತಗಳ ಉಪಾಧ್ಯಾಯರಿಗೆ ಶಿಕ್ಷಣವನ್ನು ಕೊಡುತ್ತಲಿದೆ. ಈ ವಿದ್ಯೆಯು ಅಲ್ಲಿಂದ ಕನ್ನಡದಲ್ಲಿಯೇ ಹಳ್ಳಿಯ ಶಾಲೆಗಳಿಗೆ ಹರಿಯಲಿ. ದನಕುರಿಗಳು ಮೇಯುತ್ತಿದ್ದ ಅಮೃತಮಹಲ್ ಕಾವಲಿನ ಸಾವಿರಾರು ಎಕರೆಗಳು ವಿಜ್ಞಾನ ಸಂಸ್ಥೆಗಳಿಗೆ ಸಂದಿವೆ. ಕಾವಲನ್ನು ಕಳೆದುಕೊಂಡವರ ಮಕ್ಕಳು ಆ ಬೇಲಿಯ ಬಾಗಿಲು ಕಾಯುವವರಾಗಿಯೇ ಉಳಿಯಬೇಕೇ, ಒಳಗಿನ ಸಮಸ್ಯೆಗಳನ್ನು ಬಿಡಿಸುವವರಾಗಬೇಕೇ? ನಮ್ಮ ಸೀಮೆಯು ಬಿಡಿಸಬೇಕಾದ ಮೊದಲನೆಯ ಸಮಸ್ಯೆಯು ಇದು.