ಸಿಪ್ಯಾಪ್ ಮಾಸ್ಕ್ ಕಿರಿಕಿರಿ ಅನಿಸುತ್ತಿದೆಯೇ? ಯಂತ್ರವನ್ನು ಬೀರುವಿಗೆ ಸೇರಿಸುವ ಮುನ್ನ ಇದನ್ನು ಓದಿ

ಸ್ಲೀಪ್ ಅಪ್ನಿಯಾ ಇದೆ ಎಂದು ಪರೀಕ್ಷೆಯಲ್ಲಿ ಗೊತ್ತಾಗಿ, ಸಾವಿರಾರು ರೂಪಾಯಿ ಕೊಟ್ಟು ಸಿಪ್ಯಾಪ್ ಯಂತ್ರ ತಂದ ಎಷ್ಟೋ ಮನೆಗಳಲ್ಲಿ ಮುಂದಿನ ಕಥೆ ಒಂದೇ ರೀತಿ ಸಾಗುತ್ತದೆ. ಮೊದಲ ರಾತ್ರಿ ಮಾಸ್ಕ್ ಕಟ್ಟಿಕೊಂಡು ಮಲಗಿದವರು ಎರಡು ಗಂಟೆಗೆಲ್ಲ ಎದ್ದು ಅದನ್ನು ಕಿತ್ತಿಡುತ್ತಾರೆ. ಎರಡನೇ ರಾತ್ರಿ ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತದೆ. ಮೂರನೇ ದಿನ ಬೆಳಗ್ಗೆ ಕನ್ನಡಿ ನೋಡಿದರೆ ಮೂಗಿನ ಮೇಲೆ ಕೆಂಪು ಗೆರೆ. ಒಂದು ವಾರ ಹೇಗೋ ತಳ್ಳಿ, 'ಇದು ನನಗೆ ಒಗ್ಗುವುದಿಲ್ಲ' ಎಂಬ ತೀರ್ಮಾನಕ್ಕೆ ಬರುತ್ತಾರೆ. ತಿಂಗಳು ತುಂಬುವಷ್ಟರಲ್ಲಿ ಯಂತ್ರ ಬೀರುವಿನ ಮೇಲೇರಿರುತ್ತದೆ, ಗೊರಕೆ ಹಾಸಿಗೆಗೆ ಮರಳಿರುತ್ತದೆ.

ಹೀಗೆ ಕೈಬಿಟ್ಟ ಹಲವರ ತೊಂದರೆ ಚಿಕಿತ್ಸೆಯದ್ದಲ್ಲ, ಮಾಸ್ಕ್‌ನದು. ಅಂಗಡಿಯವರು ಡಬ್ಬದಲ್ಲಿದ್ದ ಮಾಸ್ಕ್ ಕೊಟ್ಟಿರುತ್ತಾರೆ. ಅಳತೆ, ಮೂಗಿನ ಆಕಾರ, ಮಲಗುವ ಭಂಗಿ ಯಾವುದನ್ನೂ ಕೇಳಿರುವುದಿಲ್ಲ. ಕಾಲಿಗೆ ಹಿಡಿಯದ ಚಪ್ಪಲಿ ಹಾಕಿಕೊಂಡು ನಡೆಯುವುದೇ ಬೇಡ ಎಂದು ಯಾರೂ ನಿರ್ಧರಿಸುವುದಿಲ್ಲ. ಮಾಸ್ಕ್ ವಿಷಯದಲ್ಲಿ ಮಾತ್ರ ಆಗುವುದು ಅದೇ.

ಅಪ್ನಿಯಾ ಇರುವವರಿಗೆ ನಿದ್ದೆಯಲ್ಲಿ ನಾಲಿಗೆ ಮತ್ತು ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಕನಿಷ್ಠ 10 ಸೆಕೆಂಡು ಉಸಿರು ನಿಂತರೆ ಅದನ್ನು ಒಂದು ಅಪ್ನಿಯಾ ಎಂದು ಎಣಿಸುತ್ತಾರೆ. ಪೂರ್ತಿ ಮುಚ್ಚಿದ್ದು, ಅರೆಬರೆ ಮುಚ್ಚಿದ್ದು ಎರಡೂ ಸೇರಿ ಗಂಟೆಗೆ 5ರಿಂದ 15 ಸಲ ಆದರೆ ಅಲ್ಪ, 15ರಿಂದ 30 ಆದರೆ ಮಧ್ಯಮ, 30 ದಾಟಿದರೆ ತೀವ್ರ. ವರದಿಯಲ್ಲಿ ಎಎಚ್‌ಐ ಎಂದು ಬರೆದಿರುವ ಸಂಖ್ಯೆ ಇದೇ. ಪ್ರತಿ ಸಲವೂ ಮೆದುಳು ಗಾಬರಿಯಿಂದ ಎಚ್ಚರಗೊಂಡು ಉಸಿರನ್ನು ಎಳೆದುಕೊಳ್ಳುತ್ತದೆ. ಮಲಗಿದವರಿಗೆ ಇದು ಗೊತ್ತೇ ಆಗುವುದಿಲ್ಲ. ಗೊರಕೆ ಏಕಾಏಕಿ ನಿಂತು, ಮತ್ತೆ ಶುರುವಾಗುವವರೆಗೆ ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕಾಯುವ ಹೆಂಡತಿಗೋ ಗಂಡನಿಗೋ ಮಾತ್ರ ಗೊತ್ತು.

ಬಿಪಿ ಏರುವುದು, ಹೃದಯದ ತೊಂದರೆ, ಪಾರ್ಶ್ವವಾಯು ಮತ್ತು ಹಗಲಿನ ತೂಕಡಿಕೆಗೆ ಈ ಕಾಯಿಲೆಯ ನಂಟಿದೆ. ಸ್ಟೀರಿಂಗ್ ಹಿಡಿದವರು ತೂಕಡಿಸಿದರೆ ಅಪಾಯ ಅವರೊಬ್ಬರದ್ದಾಗಿ ಉಳಿಯುವುದಿಲ್ಲ. 2022ರ ಫೆಬ್ರವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ ಮುಂಬೈನಲ್ಲಿ ನಿಧನರಾದಾಗ ಆಸ್ಪತ್ರೆಯ ವೈದ್ಯರು ಈ ಕಾಯಿಲೆಯ ಹೆಸರನ್ನೂ ಹೇಳಿದ್ದರು. ಗೊರಕೆಯನ್ನು ಗಾಢ ನಿದ್ದೆಯ ಲಕ್ಷಣ ಎಂದುಕೊಂಡಿದ್ದ ಬಹಳ ಮಂದಿ ಅಂದು ಮೊದಲ ಬಾರಿಗೆ ಆ ಹೆಸರು ಕೇಳಿದರು.

ಯಂತ್ರ ಮಾಡುವುದೇನು?

ಸಿಪ್ಯಾಪ್ ಆಕ್ಸಿಜನ್ ಕೊಡುವ ಯಂತ್ರವಲ್ಲ. ಕೋವಿಡ್ ಕಾಲದಲ್ಲಿ ಕಾನ್ಸಂಟ್ರೇಟರ್ ನೋಡಿದವರು ಎರಡನ್ನೂ ಒಂದೇ ಎಂದುಕೊಳ್ಳುವುದುಂಟು. ಇದು ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಸೋಸಿ, ತುಸು ಒತ್ತಡದಲ್ಲಿ ಒಳಗೆ ಕಳಿಸುತ್ತದೆ. ಆ ಒತ್ತಡ ಗಂಟಲಿನ ಗೋಡೆಗಳು ಕುಸಿಯದಂತೆ ಒಳಗಿನಿಂದ ತಡೆಹಿಡಿಯುತ್ತದೆ. ಮಾಸ್ಕ್ ಸೋರಿದರೆ ಒತ್ತಡವೂ ಸೋರುತ್ತದೆ, ಗಂಟಲು ಮತ್ತೆ ಮುಚ್ಚುತ್ತದೆ.

ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ವೈದ್ಯ ಕಾಲಿನ್ ಸಲಿವನ್ 1980ರಲ್ಲಿ ಇದನ್ನು ಮೊದಲು ಪ್ರಯೋಗಿಸಿದರು. ಐವರು ರೋಗಿಗಳ ಮೇಲಿನ ಫಲಿತಾಂಶ 1981ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದಕ್ಕೂ ಮುನ್ನ ತೀವ್ರ ಅಪ್ನಿಯಾಕ್ಕೆ ಇದ್ದ ಖಚಿತ ಚಿಕಿತ್ಸೆ ಎಂದರೆ ಕತ್ತಿನಲ್ಲಿ ರಂಧ್ರ ಕೊರೆದು ಕೊಳವೆ ಕೂರಿಸುವುದು. ಆರಂಭದ ದಿನಗಳಲ್ಲಿ ರೋಗಿಯ ಮೂಗಿನ ಅಚ್ಚು ತೆಗೆದು ಮಾಸ್ಕ್ ಮಾಡಿ, ಪ್ರತಿ ರಾತ್ರಿ ಅದನ್ನು ಅಂಟು ಹಾಕಿ ಮುಖಕ್ಕೆ ಅಂಟಿಸಬೇಕಿತ್ತು. ಇವತ್ತಿನ ಸಿಲಿಕೋನ್ ಮಾಸ್ಕ್ ಬಗ್ಗೆ ಬೇಸರ ಬಂದಾಗ ಇದನ್ನು ನೆನೆಯಬಹುದು.

ಯಾರಿಗೆ ಯಾವ ಮಾಸ್ಕ್?

ಮಾಸ್ಕ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೂಗಿನ ಹೊಳ್ಳೆಗಳಿಗೆ ಮೆತ್ತಗೆ ಕೂರುವ ನೇಸಲ್ ಪಿಲ್ಲೋ, ಮೂಗನ್ನಷ್ಟೇ ಮುಚ್ಚುವ ನೇಸಲ್ ಮಾಸ್ಕ್, ಮೂಗು ಬಾಯಿ ಎರಡನ್ನೂ ಮುಚ್ಚುವ ಫುಲ್ ಫೇಸ್ ಮಾಸ್ಕ್.

ನಮ್ಮಲ್ಲಿ ಹಲವರಿಗೆ ಮೊದಲೇ ಫುಲ್ ಫೇಸ್ ಕಟ್ಟಿ ಕಳಿಸುತ್ತಾರೆ. ದೊಡ್ಡದಾದರೆ ಹೆಚ್ಚು ಪರಿಣಾಮ ಎಂಬ ನಂಬಿಕೆ ರೋಗಿಗಳಲ್ಲೂ ಇದೆ. ಅಧ್ಯಯನಗಳು ತೋರಿಸಿರುವುದು ಇದಕ್ಕೆ ತಿರುಗುಮುರುಗು: ಫುಲ್ ಫೇಸ್‌ನಲ್ಲಿ ಸೋರಿಕೆ ಹೆಚ್ಚು, ಹೆಚ್ಚಿನ ಒತ್ತಡ ಬೇಕಾಗುವ ಸಂಭವ ಹೆಚ್ಚು, ಬಳಕೆಯ ಗಂಟೆಗಳು ಕಡಿಮೆ. ಮೂಗಿನಿಂದ ಉಸಿರಾಡಬಲ್ಲವರಿಗೆ ಮೂಗಿನ ಮಾಸ್ಕ್‌ನಿಂದಲೇ ಆರಂಭಿಸುವುದು ಒಳ್ಳೆಯದು. ಮೂಗು ಸದಾ ಕಟ್ಟಿರುವವರು, ಏನು ಮಾಡಿದರೂ ಬಾಯಿ ತೆರೆದೇ ಮಲಗುವವರು ಫುಲ್ ಫೇಸ್ ಕಡೆ ಹೋಗಬೇಕಾಗುತ್ತದೆ. ಆದರೆ ಮೂಗು ಏಕೆ ಕಟ್ಟುತ್ತಿದೆ ಎಂದು ಇಎನ್‌ಟಿ ವೈದ್ಯರಿಗೆ ಒಮ್ಮೆ ತೋರಿಸುವುದು ಅದಕ್ಕಿಂತ ಮೊದಲಿನ ಕೆಲಸ. ಅಲರ್ಜಿಗೆ ಮದ್ದು ಮಾಡಿದರೆ ಮೂಗಿನ ಮಾಸ್ಕ್ ಸಾಕಾಗುವವರೂ ಇದ್ದಾರೆ.

ಮಗ್ಗುಲಾಗಿ ಮಲಗುವವರಿಗೆ, ಮುಖ ಮುಚ್ಚಿದರೆ ಎದೆ ಬಡಿತ ಏರುವವರಿಗೆ ಪಿಲ್ಲೋ ಹಗುರ. ದಪ್ಪ ಮೀಸೆಯವರಿಗೂ ಅದೇ ಅನುಕೂಲ, ಏಕೆಂದರೆ ಕೂದಲಿನ ಮೇಲೆ ಸಿಲಿಕೋನ್ ಸರಿಯಾಗಿ ಕೂರುವುದಿಲ್ಲ. ಆದರೆ ಒತ್ತಡ ಹೆಚ್ಚಿದ್ದರೆ ಹೊಳ್ಳೆಗಳು ಉರಿಯುತ್ತವೆ.

ಕಂಪನಿಗಳ ಕೈಪಿಡಿಯಲ್ಲಿ ಸಿಗದ ಕೆಲವು ಸಂಗತಿಗಳು ನಮ್ಮ ಮನೆಗಳವು. ಮೂಗುತಿ ಇರುವ ಮಹಿಳೆಯರಿಗೆ ಮೂಗಿನ ಮಾಸ್ಕ್‌ನ ಅಂಚು ಹರಳಿನ ಮೇಲೇ ಬಂದು ಒತ್ತಬಹುದು. ರಾತ್ರಿ ಅದನ್ನು ತೆಗೆಯುವುದು ಅಥವಾ ಅಂಚು ದೂರ ಕೂರುವ ಮಾದರಿ ಹುಡುಕುವುದು ಎರಡೇ ದಾರಿ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿದರೆ ಪಟ್ಟಿ ಜಾರುತ್ತದೆ. ಮುಖಕ್ಕೆ ಹಚ್ಚಿದ ಕ್ರೀಮಿನಿಂದ ಸಿಲಿಕೋನ್ ಅಂಚು ನುಣುಪಾಗಿ ಸೋರುತ್ತದೆ, ಬೇಗ ಹಾಳೂ ಆಗುತ್ತದೆ. ಎಣ್ಣೆ ಹಚ್ಚುವ ಅಭ್ಯಾಸವನ್ನು ಬೆಳಗಿನ ಸ್ನಾನಕ್ಕೆ ಮುಂಚಿನ ಹೊತ್ತಿಗೆ ಬದಲಿಸಿಕೊಂಡರೆ ಸಾಕು. ಜಡೆಯವರು ಕೂದಲನ್ನು ಪಟ್ಟಿಗಿಂತ ಕೆಳಗೆ ಸಡಿಲವಾಗಿ ಕಟ್ಟಿಕೊಳ್ಳಬೇಕು. ಹಲ್ಲಿನ ಸೆಟ್ ಇರುವ ಹಿರಿಯರು ಹೇಗೆ ಮಲಗುತ್ತಾರೋ ಹಾಗೆಯೇ ಮಾಸ್ಕ್ ಅಳತೆ ನೋಡಬೇಕು, ಏಕೆಂದರೆ ಸೆಟ್ ತೆಗೆದಾಗ ಕೆನ್ನೆಯ ಆಕಾರವೇ ಬದಲಾಗುತ್ತದೆ.

ಪಟ್ಟಿ ಬಿಗಿದಷ್ಟೂ ಸೋರಿಕೆ

ಅತಿ ಸಾಮಾನ್ಯವಾದ ತಪ್ಪು ಇದು. ಗಾಳಿ ಸೋರುತ್ತಿದೆ ಎಂದು ಪಟ್ಟಿಯನ್ನು ಎಳೆದು ಬಿಗಿಯುತ್ತಾರೆ. ಬಹುತೇಕ ಮಾಸ್ಕ್‌ಗಳ ಅಂಚು ಗಾಳಿ ತುಂಬಿ ಉಬ್ಬಿ ಮುಖಕ್ಕೆ ಹೊಂದಿಕೊಳ್ಳುವಂತೆ ಮಾಡಿದ ತೆಳು ಪದರ. ಬಿಗಿದರೆ ಅದು ಉಬ್ಬಲಾಗದೆ ಮಡಚಿಕೊಂಡು ಇನ್ನಷ್ಟು ಸೋರುತ್ತದೆ, ಮೂಗಿನ ಮೇಲೆ ಗಾಯವೂ ಆಗುತ್ತದೆ.

ಸರಿಯಾದ ಕ್ರಮ ಹೀಗೆ. ಕುಳಿತು ಅಲ್ಲ, ದಿಂಬಿಗೆ ತಲೆ ಇಟ್ಟು ಮಲಗಿ ಮಾಸ್ಕ್ ಹಾಕಬೇಕು, ಯಂತ್ರ ಚಾಲೂ ಇರಬೇಕು. ಮಲಗಿದಾಗ ಮುಖದ ಸ್ನಾಯುಗಳು ಸಡಿಲಗೊಂಡು ಆಕಾರ ಸ್ವಲ್ಪ ಬದಲಾಗುತ್ತದೆ. ಅಂಗಡಿಯಲ್ಲಿ ಕುರ್ಚಿ ಮೇಲೆ ಕೂತು ಸರಿಹೋದದ್ದು ಹಾಸಿಗೆಯಲ್ಲಿ ಸೋರುವುದಕ್ಕೆ ಕಾರಣ ಇದೇ. ಪಟ್ಟಿ ಸಡಿಲವಿರುವಾಗಲೇ ಮಾಸ್ಕನ್ನು ಮುಖದಿಂದ ಒಂದಿಷ್ಟು ಎತ್ತಿ, ಅಂಚಿನಲ್ಲಿ ಗಾಳಿ ತುಂಬಲು ಬಿಟ್ಟು, ಮತ್ತೆ ಮೆಲ್ಲನೆ ಕೂರಿಸಬೇಕು. ಆಮೇಲೆ ಎರಡೂ ಬದಿ ಸಮನಾಗಿ, ಸೋರಿಕೆ ನಿಲ್ಲುವಷ್ಟು ಮಾತ್ರ ಎಳೆಯಬೇಕು. ಪಟ್ಟಿಯ ಕೆಳಗೆ ಬೆರಳು ಸಲೀಸಾಗಿ ಹೋಗಬೇಕು.

ಮಾಸ್ಕ್‌ನ ಮುಂಭಾಗದ ಸಣ್ಣ ರಂಧ್ರಗಳಿಂದ ಸದಾ ಬುಸ್ ಎಂದು ಗಾಳಿ ಹೋಗುತ್ತಿರುತ್ತದೆ. ಅದು ಸೋರಿಕೆಯಲ್ಲ. ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಹೊರಹೋಗುವ ದಾರಿ ಅದು. ಸದ್ದು ನಿಲ್ಲಿಸಲು ಅದಕ್ಕೆ ಟೇಪ್ ಅಂಟಿಸುವುದು ಅಪಾಯಕರ. ಕರೆಂಟ್ ಹೋದಾಗ ಉಸಿರುಗಟ್ಟಿದರೆ ಎಂಬ ಭಯವೂ ಸಹಜ. ಫುಲ್ ಫೇಸ್ ಮಾಸ್ಕ್‌ಗಳಲ್ಲಿ ಗಾಳಿ ನಿಂತ ಕೂಡಲೇ ತೆರೆದುಕೊಳ್ಳುವ ವಾಲ್ವ್ ಇರುತ್ತದೆ. ಮೂಗಿನ ಮಾಸ್ಕ್ ಇದ್ದರೆ ಬಾಯಿ ತೆರೆದೇ ಇರುತ್ತದೆ.

ಮೊದಲ ಎರಡು ವಾರ

ಮೊದಲ ದಿನವೇ ಎಂಟು ಗಂಟೆ ಹಾಕಿಕೊಳ್ಳುತ್ತೇನೆ ಎಂಬ ಹಟ ಹಲವರಲ್ಲಿ ತಿರುಗುಬಾಣವಾಗುತ್ತದೆ. ಮಾಸ್ಕ್ ಕಂಡರೆ ಗಾಬರಿಯಾಗುವವರು ಹಗಲಲ್ಲಿ ಟಿವಿ ನೋಡುತ್ತಾ ಅದನ್ನು ಕೈಯಲ್ಲೇ ಮುಖಕ್ಕೆ ಹಿಡಿದುಕೊಳ್ಳುವುದರಿಂದ ಶುರು ಮಾಡಬಹುದು. ಮರುದಿನ ಪಟ್ಟಿ ಕಟ್ಟಿ, ಆಮೇಲೆ ಯಂತ್ರ ಚಾಲೂ ಮಾಡಿ ಅರ್ಧ ಗಂಟೆ. ನಂತರ ಮಧ್ಯಾಹ್ನದ ಒಂದು ಸಣ್ಣ ನಿದ್ದೆ. ಅದಾದ ಮೇಲೆ ಇಡೀ ರಾತ್ರಿ. ಯಾವ ಹಂತದಲ್ಲಿ ಗಾಬರಿಯಾಯಿತೋ ಅದೇ ಹಂತದಲ್ಲಿ ಇನ್ನೆರಡು ದಿನ ಉಳಿದರೆ ನಷ್ಟವೇನೂ ಇಲ್ಲ.

ಒತ್ತಡವನ್ನು ಕಡಿಮೆಯಿಂದ ಶುರುಮಾಡಿ ನಿಧಾನಕ್ಕೆ ಏರಿಸುವ ರ‍್ಯಾಂಪ್ ಸೌಲಭ್ಯ ಹೆಚ್ಚಿನ ಯಂತ್ರಗಳಲ್ಲಿದೆ. ಇಲ್ಲೊಂದು ಸೂಕ್ಷ್ಮವಿದೆ. 4ರಷ್ಟು ಕಡಿಮೆ ಒತ್ತಡದಲ್ಲಿ ಕೆಲವರಿಗೆ ಗಾಳಿಯೇ ಸಾಲದು ಎನಿಸಿ ಉಸಿರುಗಟ್ಟಿದಂತಾಗುತ್ತದೆ. ಅವರಿಗೆ ಒತ್ತಡ ಇಳಿಸುವುದರ ಬದಲು ಆರಂಭದ ಮಟ್ಟವನ್ನು ತುಸು ಏರಿಸಬೇಕು. ಉಸಿರು ಬಿಡುವುದು ಕಷ್ಟ ಎನ್ನುವವರಿಗೆ, ಉಸಿರು ಬಿಡುವಾಗ ಮಾತ್ರ ಒತ್ತಡ ತಗ್ಗಿಸುವ ಸೆಟ್ಟಿಂಗ್ ಇದೆ. ಗಾಳಿ ಹೊಟ್ಟೆಗೆ ಹೋಗಿ ತೇಗು, ಉಬ್ಬರ ಬರುತ್ತಿದ್ದರೆ ವೈದ್ಯರಿಗೆ ಹೇಳಬೇಕು. ಚಿಕಿತ್ಸೆಯ ಮುಖ್ಯ ಒತ್ತಡವನ್ನು ಮಾತ್ರ ಯೂಟ್ಯೂಬ್ ನೋಡಿಕೊಂಡು ಬದಲಿಸಬಾರದು.

ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ದೆಹಲಿಯ ಜನವರಿಯಲ್ಲಿ, ಅದರಲ್ಲೂ ರೂಮ್ ಹೀಟರ್ ಹಾಕಿದ ಕೋಣೆಯಲ್ಲಿ, ಮೂಗು ಗಂಟಲು ಒಣಗಿ ಮಾಸ್ಕ್ ಕಿತ್ತೆಸೆಯುವಂತಾಗುತ್ತದೆ. ಅಲ್ಲಿ ಬಿಸಿ ಹ್ಯುಮಿಡಿಫೈಯರ್ ಬಹಳ ಉಪಯೋಗ. ಮುಂಬೈ, ಚೆನ್ನೈಗಳ ಎಸಿ ಕೋಣೆಯಲ್ಲಿ ಇದೇ ತೇವ ಕೊಳವೆಯೊಳಗೆ ತಣ್ಣಗಾಗಿ ಹನಿಗಟ್ಟಿ ಮೂಗಿಗೆ ನೀರು ಚಿಮ್ಮಬಹುದು. ಕೊಳವೆಗೆ ಬಟ್ಟೆ ಸುತ್ತಿ, ಯಂತ್ರವನ್ನು ಹಾಸಿಗೆಗಿಂತ ಕೆಳಗಿಟ್ಟು, ತೇವದ ಮಟ್ಟ ಇಳಿಸಿದರೆ ಸರಿಹೋಗುತ್ತದೆ. ಹ್ಯುಮಿಡಿಫೈಯರ್‌ಗೆ ಡಿಸ್ಟಿಲ್ಡ್ ವಾಟರ್ ಹಾಕಬೇಕು, ಇನ್ವರ್ಟರ್ ಬ್ಯಾಟರಿಗೆಂದು ತಂದಿಟ್ಟ ನೀರನ್ನಲ್ಲ. ಉಳಿದ ನೀರನ್ನು ಬೆಳಗ್ಗೆ ಚೆಲ್ಲಬೇಕು. ಮಾಸ್ಕ್‌ನ ಅಂಚನ್ನು ದಿನವೂ ಸೌಮ್ಯ ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು.

ಎಷ್ಟು ಗಂಟೆ ಎಂಬುದು ಏಕೆ ಮುಖ್ಯ?

ಅಮೆರಿಕದ ಮೆಡಿಕೇರ್ ವಿಮೆ ರಾತ್ರಿಗೆ ಕನಿಷ್ಠ 4 ಗಂಟೆ, ತಿಂಗಳ ಶೇ 70ರಷ್ಟು ರಾತ್ರಿ ಬಳಸಿದರೆ ಅದನ್ನು ಸರಿಯಾದ ಬಳಕೆ ಎಂದು ಪರಿಗಣಿಸುತ್ತದೆ. ಅದು ವಿಮೆಯ ಲೆಕ್ಕ, ದೇಹದ ಲೆಕ್ಕವಲ್ಲ. ಮಾಸ್ಕ್ ತೆಗೆದ ಮರುಕ್ಷಣದಿಂದ ಗಂಟಲು ಹಳೆಯ ಚಾಳಿಗೆ ಮರಳುತ್ತದೆ. 2016ರಲ್ಲಿ ಪ್ರಕಟವಾದ ಸೇವ್ ಎಂಬ ದೊಡ್ಡ ಅಧ್ಯಯನದಲ್ಲಿ ಆಗಲೇ ಹೃದಯ ಅಥವಾ ಮೆದುಳಿನ ರಕ್ತನಾಳದ ಕಾಯಿಲೆ ಇದ್ದ 2,700ಕ್ಕೂ ಹೆಚ್ಚು ಮಂದಿ ಇದ್ದರು. ಸಿಪ್ಯಾಪ್ ಬಳಸಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ಹಗಲಿನ ತೂಕಡಿಕೆ ಇಳಿಯಿತು, ಮನಸ್ಸಿನ ಸ್ಥಿತಿ ಸುಧಾರಿಸಿತು. ಅವರ ಸರಾಸರಿ ಬಳಕೆ ರಾತ್ರಿಗೆ 3.3 ಗಂಟೆ ಮಾತ್ರ. ಇಷ್ಟು ಕಡಿಮೆ ಬಳಕೆಯೇ ಇದಕ್ಕೆ ಕಾರಣವೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಹೃದಯಕ್ಕೆ ರಾಮಬಾಣ ಎಂದು ಯಾರಾದರೂ ಯಂತ್ರ ಮಾರಿದರೆ ನಂಬಬೇಕಿಲ್ಲ. ತೂಕಡಿಕೆ ತಗ್ಗಿಸುವುದರಲ್ಲಿ ಅನುಮಾನವಿಲ್ಲ, ಅದೂ ಬಳಸಿದರೆ.

ಎಎಚ್‌ಐ, ಸೋರಿಕೆ, ಬಳಸಿದ ಗಂಟೆ ಮೂರನ್ನೂ ಯಂತ್ರವೇ ದಾಖಲಿಸುತ್ತದೆ. ತಿಂಗಳ ಕೊನೆಗೆ ಆ ಮಾಹಿತಿಯನ್ನು ವೈದ್ಯರಿಗೆ ತೋರಿಸಬೇಕು. ಎಎಚ್‌ಐ 5ಕ್ಕಿಂತ ಕೆಳಗೆ ಬಂದಿದ್ದೂ ಹಗಲು ನಿದ್ದೆ ಎಳೆಯುತ್ತಿದ್ದರೆ ಬೇರೆ ಕಾರಣ ಹುಡುಕಬೇಕಾಗುತ್ತದೆ. ದೆಹಲಿಯ ಏಮ್ಸ್, ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ನಿದ್ರಾ ಪ್ರಯೋಗಾಲಯಗಳಿವೆ. ಸಿಜಿಎಚ್‌ಎಸ್ ಸೌಲಭ್ಯ ಇರುವ ಕೇಂದ್ರ ಸರ್ಕಾರಿ ನೌಕರರು ಮತ್ತು ಪಿಂಚಣಿದಾರರು ಯಂತ್ರದ ವೆಚ್ಚ ವಾಪಸ್ ಪಡೆಯಲು ಅವಕಾಶವಿದೆ; ಕೊಳ್ಳುವ ಮೊದಲೇ ಅನುಮತಿಯ ವಿಧಾನ ವಿಚಾರಿಸುವುದು ಲೇಸು.

ಮಾಸ್ಕ್ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಸರಿಹೋಗದಿದ್ದರೆ ಬದಲಿಸಿ ಕೊಡುತ್ತೀರಾ? ಆನ್‌ಲೈನ್‌ನಲ್ಲಿ ನೂರಿನ್ನೂರು ಉಳಿಸಲು ಹೋಗಿ ಹೊಂದದ ಮಾಸ್ಕ್ ತರಿಸಿಕೊಂಡರೆ ಪೂರ್ತಿ ದುಡ್ಡೇ ಹೋಗುತ್ತದೆ. ಪಟ್ಟಿಗೆ ಅಯಸ್ಕಾಂತದ ಕ್ಲಿಪ್ ಇರುವ ಮಾಸ್ಕ್‌ಗಳನ್ನು ಪೇಸ್‌ಮೇಕರ್ ಇರುವವರು ಬಳಸಬಾರದು. ಪಕ್ಕದಲ್ಲಿ ಮಲಗುವವರಿಗೆ ಪೇಸ್‌ಮೇಕರ್ ಇದ್ದರೂ ಅದೇ ಎಚ್ಚರ. ಸೆಕೆಂಡ್‌ಹ್ಯಾಂಡ್ ಯಂತ್ರ ಕೊಳ್ಳುವವರು ಮಾದರಿ ಸಂಖ್ಯೆ ನೋಡಲೇಬೇಕು. ಒಳಗಿನ ಫೋಮ್ ಪುಡಿಯಾಗುವ ಅಪಾಯವಿದೆ ಎಂದು ಫಿಲಿಪ್ಸ್ ಕಂಪನಿ 2021ರ ಜೂನ್‌ನಲ್ಲಿ ಹಲವು ಮಾದರಿಗಳನ್ನು ವಾಪಸ್ ಕರೆಸಿಕೊಂಡಿತ್ತು.

ಇನ್ನು ಹಬ್ಬಕ್ಕೋ ಮದುವೆಗೋ ಊರಿಗೆ ಹೋಗುವ ಪ್ರಶ್ನೆ. ನಾಲ್ಕು ದಿನ ತಾನೇ ಎಂದು ಯಂತ್ರ ಬಿಟ್ಟು ಹೋಗುವವರು ಹೆಚ್ಚು. ಹಾಲ್‌ನಲ್ಲಿ ಸಾಲಾಗಿ ಮಲಗಿದ ನೆಂಟರ ಮುಂದೆ ಮಾಸ್ಕ್ ಹಾಕಲು ಸಂಕೋಚ. ಗೊರಕೆಯ ಸದ್ದಿಗೆ ಹೋಲಿಸಿದರೆ ಯಂತ್ರದ್ದು ಪಿಸುಮಾತು, ನೆಂಟರು ಅದರ ಬಗ್ಗೆಯಂತೂ ದೂರು ಹೇಳಲಾರರು. ರೈಲಿನ ಸಾಕೆಟ್‌ಗಳಿರುವುದು ಮೊಬೈಲ್ ಚಾರ್ಜ್ ಮಾಡಲು, ಅವನ್ನು ನೆಚ್ಚಿಕೊಳ್ಳದೆ ಯಂತ್ರಕ್ಕೆ ಹೊಂದುವ ಬ್ಯಾಟರಿ ಇಟ್ಟುಕೊಳ್ಳಬೇಕು. ವಿಮಾನದಲ್ಲಾದರೆ ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಒಯ್ಯುವುದು ಸರಿ. ಹೊರಡುವ ಗಡಿಬಿಡಿಯಲ್ಲಿ ಹ್ಯುಮಿಡಿಫೈಯರ್‌ನ ನೀರು ಚೆಲ್ಲಲು ಮರೆಯಬಾರದು. ಬ್ಯಾಗ್ ಓರೆಯಾದರೆ ಆ ನೀರು ನೇರ ಮೋಟಾರಿನ ಕಡೆಗೇ ಹರಿಯುತ್ತದೆ.